ಕಣಿ ಹೇಳಿದವಳು, ಕೇಳಿದವರು

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಈ ಸಾರಿಯ ಗೋಷ್ಠಿಗೆ ನಮಗೆ ಒಪ್ಪಿಸಿರುವ ವಿಷಯ ‘ನಾನಾ ನಾಡುಗಳಲ್ಲಿ ಭವಿಷ್ಯ ನುಡಿದ ಸ್ತ್ರೀಯರು’ ಎಂಬುದು. ವಿಷಯ ವಿಶಾಲವಾದದ್ದು, ನಮಗಿರುವ ಸಮಯವೋ ಅಲ್ಪ. ಆದುದರಿಂದ ಕೆಲವೇ ಮಹಿಳೆಯರನ್ನು ಆರಿಸಿಕೊಂಡು, ಅವರ ಕಥೆಗಳಿಂದ ನಮಗೆ ಹೊಳೆದ ಒಂದು ವಿಚಾರವನ್ನು ತಮ್ಮ ಮುಂದಿಡಲು ಪ್ರಯತ್ನಿಸುತ್ತೇವೆ.

ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವುದು ನಮ್ಮ ನಿತ್ಯವಿಧಿಯಾಗಿತ್ತು. ಅದರ ಮನುಷ್ಯವರ್ಗದಲ್ಲಿ ಭವಿಷ್ಯ ಹೇಳುವ ಹೆಣ್ಣಿಗೆ ಮೂರು ಹೆಸರುಗಳಿವೆ: ವಿಪ್ರಶ್ನಿಕಾ, ಈಕ್ಷಣಿಕಾ, ದೈವಜ್ಞಾ. ಆಗ ಅರ್ಥದ ಕಡೆಗೆ ಲಕ್ಷ್ಯವಿಡದೆ ಉರುಹೊಡೆದ ಈ ಮೂರು ಮಾತುಗಳನ್ನು ಈಗ ನಿಧಾನವಾಗಿ ನೋಡಿದರೆ, ಅವುಗಳಲ್ಲಿ ಒಂದು ಶಾಸ್ತ್ರವೇ ಅಡಗಿರುವಂತೆ ಕಾಣುತ್ತದೆ. ವಿಪ್ರಶ್ನಿಕೆ ಪ್ರಶ್ನೆಯೊಡನೆ ನಂಟುಳ್ಳವಳು. ಜನರು ನಾನಾ ಪ್ರಶ್ನೆಗಳನ್ನು ಹೊತ್ತು ಬರುವುದು ಇವಳ ಬಾಗಿಲಿಗೆ. ಈಕ್ಷಣವೆಂದರೆ ನೋಟ, ಈಕ್ಷಣಿಕೆ ನೋಡಬಲ್ಲವಳು. ದೈವಜ್ಞೆ ದೈವವನ್ನು ಅರಿತವಳು. ಪ್ರಶ್ನೆ, ನೋಟ, ದೈವ ಇವು ಮೂರೂ ಕೂಡಿದಲ್ಲಿ ಭವಿಷ್ಯವಾಣಿ ಹುಟ್ಟುತ್ತದೆಂದು ಆ ಕೋಶಕಾರನು ಎಣಿಸಿದ್ದನೋ ಏನೋ.

ಶಕುನ ನಿಜವೋ ಸುಳ್ಳೋ ಎಂಬ ಚರ್ಚೆಗೆ ನಾವು ಇಂದು ಕೈಹಾಕುವುದಿಲ್ಲ. ಅಂಗೈಯ ಗೆರೆಗಳಲ್ಲಿ ನಾಳೆಯ ದಿನ ಬರೆದಿದೆಯೆಂದು ನಂಬುವವರು ನಾವಲ್ಲ. ನಮ್ಮ ಕುತೂಹಲ ಬೇರೆಯದು. ಸಭೆಯಲ್ಲಿಯೂ ಮನೆಯ ಜಗಲಿಯಲ್ಲಿಯೂ ಹೆಣ್ಣಿನ ಮಾತಿಗೆ ಎಡೆಗೊಡದಿದ್ದ ಕಾಲಗಳಲ್ಲಿ ಕೂಡ, ಅವಳು ದೇವರ ಹೆಸರಿನಲ್ಲಿ ಬಾಯಿ ತೆರೆದೊಡನೆ ಅರಸರು ಕೈಕಟ್ಟಿ ನಿಂತು ಕೇಳಿದರು. ಹಾಗೆ ಕೇಳಿದವರು ಅವಳ ಮಾತನ್ನು ಏನು ಮಾಡಿದರು? ಇದೇ ನಮ್ಮ ಇಂದಿನ ಪ್ರಶ್ನೆ.

ಮೊದಲು ಗ್ರೀಸ್ ದೇಶಕ್ಕೆ ಹೋಗೋಣ. ಅಲ್ಲಿನ ಪಾರ್ನಾಸಸ್ ಪರ್ವತದ ಇಳಿಜಾರಿನಲ್ಲಿ ಡೆಲ್ಫಿಯೆಂಬ ಕ್ಷೇತ್ರವಿದೆ. ಅಲ್ಲಿಯ ಅಪೋಲೊ ದೇವನ ಗುಡಿಯಲ್ಲಿ, ಮೂರು ಕಾಲಿನ ಪೀಠದ ಮೇಲೆ ಕುಳಿತು ಒಬ್ಬ ಸ್ತ್ರೀ ದೇವವಾಣಿಯನ್ನು ನುಡಿಯುತ್ತಿದ್ದಳು. ಅವಳ ಪದವಿಯ ಹೆಸರು ಪಿಥಿಯಾ. ಒಬ್ಬಳು ತೀರಿಕೊಂಡರೆ ಇನ್ನೊಬ್ಬಳು ಆ ಪೀಠವೇರುತ್ತಿದ್ದಳು. ಹೀಗೆ ಸುಮಾರು ಸಾವಿರ ವರ್ಷಗಳ ಕಾಲ ನಡೆದು, ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಕ್ರೈಸ್ತ ಚಕ್ರವರ್ತಿಗಳ ಕಾಲದಲ್ಲಿ ಆ ವಾಣಿ ನಿಂತುಹೋಯಿತು. ಗುಡಿಯ ಅವಶೇಷಗಳನ್ನು ಫ್ರೆಂಚ್ ವಿದ್ವಾಂಸರು 1892ರಿಂದ ಅಗೆದು ಬೆಳಕಿಗೆ ತಂದರು. ನೆಲದ ಬಿರುಕಿನಿಂದೇಳುತ್ತಿದ್ದ ಆವಿಯಿಂದ ಪಿಥಿಯಾಗೆ ಆವೇಶ ಬರುತ್ತಿತ್ತೆಂಬ ಹಳೆಯ ಮಾತಿಗೆ ಆಧಾರವಿದೆಯೆಂದು ಕೆಲವು ಭೂವಿಜ್ಞಾನಿಗಳು 2001ರಲ್ಲಿ ವಾದಿಸಿದರು. ಉಳಿದವರು ಅದನ್ನು ಒಪ್ಪಿಲ್ಲ.

ಈ ಪಿಥಿಯಾ ರಾಜಪುತ್ರಿಯೋ ಪಂಡಿತೆಯೋ ಆಗಿರಬೇಕೆಂದು ನಾವು ಊಹಿಸುವುದು ಸಹಜ. ಆದರೆ ಅದೇ ಗುಡಿಯಲ್ಲಿ ಅರ್ಚಕನಾಗಿದ್ದ ಪ್ಲೂಟಾರ್ಕನೆಂಬ ಗ್ರಂಥಕರ್ತನು, ತನ್ನ ಕಾಲದ ಪಿಥಿಯಾ ಬಡ ಒಕ್ಕಲಿನ ಮನೆಯಲ್ಲಿ ಬೆಳೆದ ಶೀಲವತಿಯಾದ ಹೆಣ್ಣು, ವಿದ್ಯೆಯನ್ನಾಗಲಿ ಕಲೆಯನ್ನಾಗಲಿ ಅರಿತವಳಲ್ಲ ಎಂದು ಬರೆದಿದ್ದಾನೆ. ಹೊಲದ ಮನೆಯಿಂದ ಬಂದ ಆ ಹೆಣ್ಣಿನ ಮುಂದೆ ಚಿನ್ನದ ಕಾಣಿಕೆಗಳನ್ನು ಹೊರಿಸಿಕೊಂಡು ಅರಸರ ದೂತರು ಕಾಯುತ್ತಿದ್ದರು! ಇನ್ನೊಂದು ಸೋಜಿಗವನ್ನೂ ಪ್ಲೂಟಾರ್ಕನು ಸೂಚಿಸಿದ್ದಾನೆ: ಹೆಣ್ಣು ನುಡಿಯುತ್ತಿದ್ದ ಆ ಗರ್ಭಗೃಹದ ಬಳಿಗೆ ಪ್ರಶ್ನೆ ಕೇಳಲು ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಉತ್ತರ ಹೇಳುವ ಅಧಿಕಾರ ಹೆಣ್ಣಿಗೆ. ಪ್ರಶ್ನೆ ಕೇಳುವ ಅಧಿಕಾರ ಗಂಡಿಗೆ. ಇದನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಲಿಡಿಯಾ ದೇಶದ ದೊರೆ ಕ್ರೀಸಸ್ ಮಹಾಧನಿಕ. ಪರ್ಷಿಯಾದ ಮೇಲೆ ದಂಡೆತ್ತಿ ಹೋಗಬಹುದೇ ಎಂದು ಅವನು ಡೆಲ್ಫಿಗೆ ಕೇಳಿ ಕಳುಹಿಸಿದನು. ಹೋದರೆ ಅವನೊಂದು ದೊಡ್ಡ ಸಾಮ್ರಾಜ್ಯವನ್ನು ಹಾಳುಮಾಡುವನೆಂದು ಉತ್ತರ ಬಂದಿತು. ದೊರೆ ಹಿಗ್ಗಿದನು, ಯುದ್ಧಕ್ಕೆ ಹೊರಟನು, ಕ್ರಿ.ಪೂ. 546ರ ಸುಮಾರಿಗೆ ಸೋತು ಸೆರೆಯಾದನು. ಹಾಳಾದದ್ದು ಅವನದೇ ಸಾಮ್ರಾಜ್ಯ. ಮುಂದೆ ಅವನು ದೂತರನ್ನು ಕಳುಹಿಸಿ ಡೆಲ್ಫಿಯನ್ನು ದೂರಿದಾಗ, ಯಾವ ಸಾಮ್ರಾಜ್ಯವೆಂದು ಅವನು ಮರಳಿ ಕೇಳಬೇಕಾಗಿತ್ತು, ಕೇಳದಿದ್ದುದು ಅವನದೇ ತಪ್ಪು ಎಂದು ಪಿಥಿಯಾ ತಿಳಿಸಿದಳೆಂಬುದಾಗಿ ಇತಿಹಾಸಕಾರ ಹೆರೊಡೋಟಸನು ಬರೆಯುತ್ತಾನೆ. ಇದು ನುಣುಚಿಕೊಳ್ಳುವ ಮಾತೆಂದು ಕೆಲವರಿಗೆ ತೋರಬಹುದು. ನಮಗಾದರೋ ಇದರಲ್ಲಿ ದೊಡ್ಡ ಪಾಠವೊಂದು ಕಾಣುತ್ತದೆ. ತನಗೆ ಬೇಕಾದ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುವವನು ಕೇಳಿದಂತಲ್ಲ. ವಿಪ್ರಶ್ನಿಕೆಯ ಕೆಲಸ ಅರ್ಧ, ಉಳಿದರ್ಧ ಪ್ರಶ್ನಿಸುವವನದು.

ಕ್ರಿ.ಪೂ. 480ರಲ್ಲಿ ಪರ್ಷಿಯಾದ ಸೈನ್ಯ ಗ್ರೀಸಿನ ಮೇಲೆ ಏರಿ ಬರುತ್ತಿದ್ದಾಗ ಆಥೆನ್ಸಿನವರು ಡೆಲ್ಫಿಗೆ ಹೋದರು. ಆಗ ಪೀಠದಲ್ಲಿದ್ದವಳ ಹೆಸರು ಅರಿಸ್ತೊನಿಕೆ. ಊರು ಬಿಟ್ಟು ಓಡಿರಿ ಎಂಬ ಭಯಂಕರವಾದ ನುಡಿ ಮೊದಲು ಬಂದಿತು. ದೂತರು ಮತ್ತೊಮ್ಮೆ ಬೇಡಲು, ಮರದ ಗೋಡೆಯೊಂದೇ ಅವರನ್ನು ಕಾಪಾಡುವುದೆಂಬ ಸೂಚನೆ ದೊರೆಯಿತು. ಮರದ ಗೋಡೆಯೆಂದರೆ ಹಡಗುಗಳೆಂದು ಥೆಮಿಸ್ಟೊಕ್ಲೀಸನು ಅರ್ಥ ಹೇಳಿದನು. ಸಲಾಮಿಸ್ ಸಮುದ್ರಯುದ್ಧದಲ್ಲಿ ಗ್ರೀಕರು ಗೆದ್ದರು. ಅರ್ಥ ಹೇಳಿದವನ ಹೆಸರು ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿದೆ. ನುಡಿದವಳ ಹೆಸರನ್ನು ಬಲ್ಲವರೆಷ್ಟು ಮಂದಿ? ಪಿಥಿಯಾ ಒದರಿದ್ದನ್ನು ಅರ್ಚಕರೇ ತಿದ್ದಿ ಪದ್ಯ ಕಟ್ಟುತ್ತಿದ್ದರೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಹೆರೊಡೋಟಸನು ಪಿಥಿಯಾ ತಾನೇ ನುಡಿದಳೆಂದು ಬರೆದಿರುವುದನ್ನು ಈಚಿನ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಹೆಣ್ಣಿನ ಬಾಯಿಂದ ಒಳ್ಳೆಯ ಮಾತು ಬಂದರೆ ಅದರ ಹಿಂದೆ ಯಾವನೋ ಗಂಡಸು ಇರಲೇಬೇಕೆಂಬ ಊಹೆ ಗ್ರೀಸಿಗೆ ಮಾತ್ರ ಸೇರಿದ್ದೇನಲ್ಲ.

ಮಾತು ಹೇಳುವವಳಿಗೂ ಕೇಳುವವರಿಗೂ ನಡುವೆ ಇನ್ನೊಬ್ಬನು ನಿಲ್ಲುವುದು ಎಷ್ಟು ಅಪಾಯಕರವೆಂಬುದಕ್ಕೆ ಆಫ್ರಿಕದ ಕಥೆಯೊಂದಿದೆ. ದಕ್ಷಿಣ ಆಫ್ರಿಕದ ಖೋಸಾ ಜನರಿಗೆ ದನಕರುಗಳೇ ಸಂಪತ್ತು. ಒಂದು ಕಡೆ ಬ್ರಿಟಿಷರೊಡನೆ ಯುದ್ಧಗಳಾಗಿ ಭೂಮಿ ಕೈತಪ್ಪಿತ್ತು. ಇನ್ನೊಂದು ಕಡೆ ಯುರೋಪಿನಿಂದ ಬಂದ ಶ್ವಾಸಕೋಶದ ರೋಗದಿಂದ ದನಗಳು ಸಾಯುತ್ತಿದ್ದುವು. 1856ರಲ್ಲಿ ನಾಂಗ್‌ಕಾವುಸೆ ಎಂಬ, ಹದಿನೈದರ ಆಸುಪಾಸಿನ ಹುಡುಗಿ, ಹೊಲದ ಬಳಿ ತನಗೆ ಪೂರ್ವಿಕರು ಕಾಣಿಸಿಕೊಂಡರೆಂದು ಹೇಳಿದಳು: ದನಗಳನ್ನೆಲ್ಲ ಕೊಂದು, ಬಿತ್ತನೆ ನಿಲ್ಲಿಸಿದರೆ, ಸತ್ತವರು ಎದ್ದುಬರುವರು, ಹೊಸ ದನಗಳೂ ಧಾನ್ಯವೂ ತುಂಬಿ ಬರುವುವು ಎಂದು. ಅವಳ ಸೋದರಮಾವನೋ ಚಿಕ್ಕಪ್ಪನೋ ಆಗಿದ್ದ ಮ್ಹ್ಲಾಕಜನು ಅದನ್ನು ವಿವರಿಸಿ ಹರಡಿದನು. ದೊರೆ ಸರ್ಹಿಲಿ ಒಪ್ಪಿ ಆಜ್ಞೆ ಮಾಡಿದನು. ಇತಿಹಾಸಕಾರರ ಅಂದಾಜಿನಂತೆ ಸುಮಾರು 4,00,000 ದನಗಳು ಹತವಾದುವು. 1857ರ ಫೆಬ್ರವರಿಯಲ್ಲಿ ನಿಗದಿಯಾಗಿದ್ದ ದಿನ ಬಂದಿತು. ಸೂರ್ಯನು ಎಂದಿನಂತೆ ಹುಟ್ಟಿ ಎಂದಿನಂತೆ ಮುಳುಗಿದನು. ಹಸಿವಿನಿಂದ ಸುಮಾರು 40,000 ಜನ ಸತ್ತರು. ಬದುಕಿದವರಲ್ಲಿ ಸಾವಿರಾರು ಜನ ವಸಾಹತುಗಾರರ ಜಮೀನುಗಳಲ್ಲಿ ಕೂಲಿಯಾಳುಗಳಾದರು.

ಈ ಕಥೆಯನ್ನು ಬಿಟ್ಟುಬಿಟ್ಟು ಭವಿಷ್ಯ ನುಡಿದ ಸ್ತ್ರೀಯರನ್ನು ಬರಿದೇ ಕೊಂಡಾಡಿದರೆ ಅದು ಸತ್ಯಕ್ಕೆ ಅಪಚಾರ. ದೇವವಾಣಿಯೆಂದು ವಿಚಾರಮಾಡದೆ ನಂಬಿದುದರಿಂದ ಒಂದು ಜನಾಂಗವೇ ಬೆನ್ನುಮುರಿದು ಬಿದ್ದಿತು. ಆದರೆ ಇಲ್ಲಿಯೂ ನಾವು ಗಮನಿಸಬೇಕಾದ ಸಂಗತಿಯೊಂದುಂಟು. ಅರ್ಥ ಹೇಳಿದ ಹಿರಿಯನಿದ್ದನು. ಆಜ್ಞೆ ಮಾಡಿದ ದೊರೆಯಿದ್ದನು. ಆ ಸಂಕಟದಿಂದ ಲಾಭ ಪಡೆದ ಬ್ರಿಟಿಷ್ ಗವರ್ನರನಿದ್ದನು. ಅಪಕೀರ್ತಿ ಮಾತ್ರ ಆ ಹುಡುಗಿಯ ತಲೆಗೆ ಅಂಟಿತು. ಗೆಲುವಾದಾಗ ಅರಿಸ್ತೊನಿಕೆಯ ಹೆಸರು ಮರೆಯಾಯಿತು. ಸೋಲಾದಾಗ ನಾಂಗ್‌ಕಾವುಸೆಯ ಹೆಸರೊಂದೇ ಉಳಿಯಿತು. ಈ ಲೆಕ್ಕಾಚಾರ ನ್ಯಾಯವೇ?

ಹಾಗಾದರೆ ಚೆನ್ನಾಗಿ ಕೇಳಿದವರು ಯಾರೂ ಇಲ್ಲವೇ? ಇದ್ದಾರೆ. ಯೆಹೂದ್ಯರ ಪವಿತ್ರಗ್ರಂಥದಲ್ಲಿ ಹುಲ್ದಾ ಎಂಬ ಪ್ರವಾದಿನಿಯ ಕಥೆಯಿದೆ. ಕ್ರಿ.ಪೂ. ಏಳನೆಯ ಶತಮಾನದ ಉತ್ತರಾರ್ಧ. ಜೆರುಸಲೇಮಿನ ದೇವಾಲಯವನ್ನು ದುರಸ್ತಿ ಮಾಡುತ್ತಿದ್ದಾಗ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತು. ಅದನ್ನು ಓದಿಸಿ ಕೇಳಿದ ಅರಸ ಯೋಷೀಯನು, ತನ್ನ ಜನ ನಡೆದುಕೊಂಡ ರೀತಿಗೂ ಗ್ರಂಥದ ವಿಧಿಗಳಿಗೂ ಇರುವ ಅಂತರವನ್ನು ಕಂಡು ಬಟ್ಟೆ ಹರಿದುಕೊಂಡು ದುಃಖಿಸಿದನು. ಗ್ರಂಥದ ಮಾತು ಸತ್ಯವೇ ಎಂದು ವಿಚಾರಿಸಲು ಅವನು ಮಹಾಯಾಜಕನನ್ನೂ ಲೇಖಕನನ್ನೂ ಕಳುಹಿಸಿದನು. ಅವರು ಹೋದದ್ದು ಹುಲ್ದಾಳ ಮನೆಗೆ. ಅವಳು ಅರಮನೆಯ ವಸ್ತ್ರಾಗಾರವನ್ನು ನೋಡಿಕೊಳ್ಳುತ್ತಿದ್ದವನ ಮಡದಿ. ಪ್ರವಾದಿ ಯೆರೆಮೀಯನೂ ಆ ಕಾಲದವನೇ ಎಂಬುದನ್ನು ನೆನೆದರೆ ಈ ಆಯ್ಕೆಯ ಮಹತ್ವ ತಿಳಿಯುತ್ತದೆ. ಅವಳು ಅರಸನನ್ನು ಮೊದಲು ಬಂದವರನ್ನು ಕಳುಹಿಸಿದ ಮನುಷ್ಯನೆಂದು ಕರೆದು, ನಾಡಿಗೆ ಕೇಡು ತಪ್ಪದೆಂದೂ, ಪಶ್ಚಾತ್ತಾಪಪಟ್ಟ ಅವನ ಕಣ್ಣಿಗೆ ಅದು ಬೀಳದೆಂದೂ ಸ್ಪಷ್ಟವಾಗಿ ತಿಳಿಸಿದಳು. ದೊರೆ ಸಿಟ್ಟಾಗಲಿಲ್ಲ, ಮಾತನ್ನು ತಿರುಚಲಿಲ್ಲ, ಜನರನ್ನು ಕೂಡಿಸಿ ಗ್ರಂಥವನ್ನು ಓದಿ ಹೇಳಿ, ಆಚಾರವನ್ನು ತಿದ್ದಲು ತೊಡಗಿದನು. ಕಹಿಯಾದುದನ್ನು ಕೇಳಿ ತನ್ನನ್ನೇ ತಿದ್ದಿಕೊಳ್ಳುವುದು, ಇದೇ ಉತ್ತಮ ಶ್ರೋತೃವಿನ ಲಕ್ಷಣ.

ತಡವಾಗಿ ಕೇಳುವವರ ಕಥೆ ರೋಮಿನದು. ಅಲ್ಲಿಯ ಅರಸ ತಾರ್ಕ್ವಿನನ ಬಳಿಗೆ ಸಿಬಿಲ್ ಎಂಬ ಮುದುಕಿ ಭವಿಷ್ಯದ ಒಂಬತ್ತು ಗ್ರಂಥಗಳನ್ನು ತಂದು ಬೆಲೆ ಹೇಳಿದಳಂತೆ. ಹೆಚ್ಚಾಯಿತೆಂದು ಅರಸ ನಕ್ಕನು. ಮೂರನ್ನು ಸುಟ್ಟು ಉಳಿದ ಆರಕ್ಕೆ ಅದೇ ಬೆಲೆ ಕೇಳಿದಳು. ಮತ್ತೆ ನಕ್ಕನು. ಇನ್ನೂ ಮೂರನ್ನು ಸುಟ್ಟಳು. ಕೊನೆಗೆ ಉಳಿದ ಮೂರನ್ನು ಒಂಬತ್ತರ ಬೆಲೆಗೇ ಅವನು ಕೊಳ್ಳಬೇಕಾಯಿತು. ಇದು ದಂತಕಥೆ, ಆದರೆ ಆ ಹೆಸರಿನ ಗ್ರಂಥಗಳನ್ನು ರೋಮನ್ನರು ಗುಡಿಯಲ್ಲಿ ಕಾಪಾಡಿಕೊಂಡಿದ್ದುದೂ, ಕ್ರಿ.ಪೂ. 83ರ ಬೆಂಕಿಯಲ್ಲಿ ಅವು ಸುಟ್ಟುಹೋದುದೂ ಚರಿತ್ರೆ. ಹಿರಿಯರ ತಿಳಿವಳಿಕೆಗೆ ಕಿವಿಗೊಡಲು ತಡಮಾಡಿದಷ್ಟೂ ಬೆಲೆ ಕಡಿಮೆಯಾಗದು. ಸಿಗುವುದು ಮಾತ್ರ ಕಡಿಮೆಯಾಗುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕಲೆತು ಮಾತಾಡುವ ಈ ಸೀಮೆಯವರಿಗೆ ಕೊರವಂಜಿಯನ್ನು ಪರಿಚಯಿಸಬೇಕಾಗಿಲ್ಲ. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಕೋಲು, ನಾಲಗೆಯ ತುದಿಯಲ್ಲಿ ಮೂರು ಭಾಷೆ. ಅವಳಿಗೆ ಗಡಿಯೆಂಬುದಿರಲಿಲ್ಲ. ತಮಿಳಿನಲ್ಲಿ ಅವಳ ಹೆಸರಿನಲ್ಲೊಂದು ಕಾವ್ಯಪ್ರಕಾರವೇ ಬೆಳೆಯಿತು. ಹದಿನೆಂಟನೆಯ ಶತಮಾನದ ‘ಕುಟ್ರಾಲಕ್ ಕುರವಂಜಿ’ ಅವುಗಳಲ್ಲಿ ಪ್ರಸಿದ್ಧವಾದುದು. ತೆಲುಗಿನವರು ಅವಳ ವಿದ್ಯೆಯನ್ನು ಎರುಕವೆಂದರು. ನಮ್ಮ ಯಕ್ಷಗಾನದಲ್ಲಿ ಅವಳು ಕೊರವಂಜಿಯಾಗಿ ಕುಣಿದಳು. ರಾ.ಶಿ. ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಮರು 1942ರಲ್ಲಿ ಆರಂಭಿಸಿ 1967ರವರೆಗೆ ನಡೆಸಿದ ಹಾಸ್ಯಪತ್ರಿಕೆ ಹೊತ್ತುದು ಇವಳದೇ ಹೆಸರನ್ನು.

ಈ ಕೊರವಂಜಿ ಹೇಳುವುದು ಕಣಿ. ಕಣಿಯೆಂಬುದಕ್ಕೆ ನೋಟವೆಂಬ ಅರ್ಥವೂ ಉಂಟು. ‘ಕಾಣು’ ಎಂಬ ನಮ್ಮ ಕ್ರಿಯಾಪದದ ಬಳಗದ ಮಾತದು. ಕೇರಳದವರು ವಿಷುವಿನ ಬೆಳಗ್ಗೆ ಕಣಿ ಕಾಣುವುದನ್ನು ತಾವು ಬಲ್ಲಿರಿ. ಅಮರಸಿಂಹನ ಈಕ್ಷಣಿಕೆಯೂ ನಮ್ಮ ಕಣಿ ಹೇಳುವವಳೂ ಹೀಗೆ ಅರ್ಥದಲ್ಲಿ ಅಕ್ಕತಂಗಿಯರು. ಇಬ್ಬರೂ ನೋಡಿ ಹೇಳುವವರು. ಮನೆಯ ಬಾಗಿಲಲ್ಲಿ ನಿಂತ ಕೊರವಂಜಿ ಅಂಗೈಯನ್ನು ನೋಡುವುದಕ್ಕೆ ಮೊದಲು ಮುಖವನ್ನು ನೋಡುತ್ತಾಳೆ. ಅತ್ತು ಕೆಂಪಾದ ಕಣ್ಣನ್ನೂ ಬರಿದಾದ ಕೊರಳನ್ನೂ ನೋಡುತ್ತಾಳೆ. ಮನೆಯವರು ವರ್ಷಗಟ್ಟಲೆ ಕಾಣದೆಹೋದ ದುಃಖವನ್ನು ಅವಳು ಕ್ಷಣಮಾತ್ರದಲ್ಲಿ ಕಾಣುತ್ತಾಳೆ. ಅವಳ ವಿದ್ಯೆಯ ಬಹುಭಾಗ ಇದೇ ಎಂದು ನಮ್ಮ ಭಾವನೆ.

ಇಂತಹವಳ ಕುಲಕ್ಕೆ ಸಮಾಜ ಕೊಟ್ಟ ಮರ್ಯಾದೆಯೇನು? ಬ್ರಿಟಿಷ್ ಸರಕಾರವು 1871ರಲ್ಲಿ ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆ, 1911ರ ಕಾಯಿದೆಯ ಮೂಲಕ ಮದ್ರಾಸ್ ಪ್ರಾಂತಕ್ಕೂ ವ್ಯಾಪಿಸಿತು. ಕೊರವ, ಎರುಕಲ ಪಂಗಡಗಳು ಆ ಪಟ್ಟಿಗೆ ಸೇರಿ, ಹುಟ್ಟಿದ ಮಗುವೂ ಕಳ್ಳನೆಂಬ ಹೆಸರು ಹೊರಬೇಕಾಯಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಜನರ ಮನಸ್ಸಿನ ಕಾಯಿದೆ ಅಷ್ಟು ಬೇಗನೆ ರದ್ದಾಗಲಿಲ್ಲ.

ಆದರೆ ನಮ್ಮ ಪುರಾಣದ ಬುದ್ಧಿ ನಮ್ಮ ಕಾಯಿದೆಯ ಬುದ್ಧಿಗಿಂತ ದೊಡ್ಡದು. ಶ್ರೀನಿವಾಸ ಕಲ್ಯಾಣದ ಕಥೆಯನ್ನು ಬಯಲಾಟದಲ್ಲಿ ನೋಡದವರು ಇಲ್ಲಿ ವಿರಳ. ಪದ್ಮಾವತಿ ವಿರಹದಿಂದ ಸೊರಗಿದ್ದಾಳೆ. ತಾಯಿ ಧರಣೀದೇವಿಗೆ ಕಾರಣ ತಿಳಿಯದು. ಆಗ ಏಳು ಬೆಟ್ಟದ ಒಡೆಯನೇ ಕೊರವಂಜಿಯ ವೇಷ ತೊಟ್ಟು, ಬುಟ್ಟಿ ಹೊತ್ತು, ಅರಮನೆಯ ಬಾಗಿಲಿಗೆ ಬಂದು ಕಣಿ ಹೇಳುತ್ತಾನೆ. ಬೇರೆ ನಾಡುಗಳಲ್ಲಿ ತನ್ನ ಮಾತು ನಡೆಯಬೇಕಾದರೆ ಹೆಣ್ಣು ದೇವರ ಹೆಸರನ್ನು ಆಶ್ರಯಿಸಬೇಕಾಯಿತು. ಇಲ್ಲಿ ತನ್ನ ಮಾತು ನಡೆಯಬೇಕಾದರೆ ದೇವರು ಬುಟ್ಟಿಯ ಹೆಣ್ಣನ್ನು ಆಶ್ರಯಿಸಬೇಕಾಯಿತು! ಈ ಕಥೆಯನ್ನು ಕೇಳಿ ಕೈಮುಗಿದ ನಾವು, ಬಾಗಿಲಿಗೆ ಬಂದ ನಿಜವಾದ ಕೊರವಂಜಿಯನ್ನು ಗದರಿಸಿ ಅಟ್ಟಿದೆವು.

ಕೊನೆಯದಾಗಿ ನಮ್ಮ ತರಗತಿಯಲ್ಲಿ ನಡೆದ ಒಂದು ಪ್ರಸಂಗ. ಗ್ರೀಕರ ಕಥೆಗಳಲ್ಲಿ ಕಸ್ಸಾಂದ್ರ ಎಂಬವಳು ಟ್ರಾಯ್ ನಗರದ ರಾಜಕುಮಾರಿ. ಅವಳು ನುಡಿದ ಭವಿಷ್ಯವೆಲ್ಲ ನಿಜವಾಗುವುದು, ಆದರೆ ಅವಳನ್ನು ಯಾರೂ ನಂಬರು ಎಂಬುದು ಅಪೋಲೊ ಅವಳಿಗೆ ಕೊಟ್ಟ ಶಾಪ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಕಥೆಯನ್ನು ಹೇಳಿ ಮುಗಿಸಿದಾಗ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ನಮ್ಮ ಅಜ್ಜಿಗೂ ಆ ಶಾಪ ಇದೆ” ಎಂದಳು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಬಳಿಕ ಅವಳು ಹೇಳಿದ ಸಂಗತಿ ಇದು: ಅವಳ ತಂದೆ ಕೆರೆಯ ಕೆಳಗೆ ಮನೆಗೆಂದು ನಿವೇಶನ ಕೊಳ್ಳಹೊರಟಾಗ, ಅದು ಕೋಡಿಯ ನೀರು ಹರಿಯುವ ಹಾದಿ, ಬೇಡವೆಂದು ಅಜ್ಜಿ ಅಡ್ಡಿ ಮಾಡಿದರಂತೆ. ಮುದುಕಿಗೇನು ತಿಳಿದೀತು ಎಂದು ಮನೆಯವರು ತಳ್ಳಿಹಾಕಿದರು. ಮನೆ ಎದ್ದಿತು. ಎರಡನೆಯ ವರ್ಷ ದೊಡ್ಡ ಮಳೆ ಬಂದು ಕೆರೆ ತುಂಬಿದಾಗ ಆ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಹುಡುಗಿಯ ಪುಸ್ತಕಗಳೆಲ್ಲ ತೊಯ್ದುಹೋದುವು.

ಅಜ್ಜಿಗೆ ಯಾವ ದೈವ ಬಂದು ಹೇಳಿತ್ತು? ಯಾವ ದೈವವೂ ಇಲ್ಲ. ಬಾಲ್ಯದಲ್ಲಿ ಆ ಬಯಲಿನಲ್ಲಿ ದನ ಮೇಯಿಸಿದವರು ಅವರು. ನೀರು ಎಲ್ಲಿ ಹರಿಯುವುದೆಂಬುದನ್ನು ಕಣ್ಣಾರೆ ಕಂಡವರು. ಅದು ಶುದ್ಧವಾದ ಈಕ್ಷಣ. ಅದೇ ಅಜ್ಜಿ ಒಂದು ಶುಕ್ರವಾರ ತಲೆಗೂದಲು ಬಿಚ್ಚಿ, ಮೈದುಂಬಿ, ಊರಮ್ಮನ ಹೆಸರಿನಲ್ಲಿ ಅದೇ ಮಾತನ್ನು ನುಡಿದಿದ್ದರೆ, ಮನೆಯವರು ತೆಂಗಿನಕಾಯಿ ಒಡೆದು ನಿವೇಶನವನ್ನು ಅಲ್ಲಿಗೇ ಬಿಟ್ಟುಬಿಡುತ್ತಿದ್ದರಲ್ಲವೆ? ಆವೇಶವಿಲ್ಲದೆ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ದಿನನಿತ್ಯದ ದನಿಯಲ್ಲಿ ಹೇಳಿದ್ದೇ ಅವರ ಅಪರಾಧವಾಯಿತು. ಕಸ್ಸಾಂದ್ರಳಿಗೆ ಶಾಪ ಕೊಟ್ಟವನು ಅಪೋಲೊ. ನಮ್ಮ ಅಜ್ಜಿಯಂದಿರಿಗೆ ಶಾಪ ಕೊಟ್ಟವರು ನಾವೇ.

ಆದುದರಿಂದ, ಬಂಧುಗಳೇ, ಸಾವಿರಾರು ವರ್ಷಗಳ ಈ ಕಥೆಗಳಿಂದ ನಾವು ಕಲಿಯಬೇಕಾದುದು ಇಷ್ಟೆಂದು ತೋರುತ್ತದೆ. ಹೆಣ್ಣು ದೇವರ ಹೆಸರಿನಲ್ಲಿ ನುಡಿದಳೆಂದು ವಿಚಾರಿಸದೆ ನಂಬುವುದೂ ಬೇಡ. ತನ್ನದೇ ಹೆಸರಿನಲ್ಲಿ ನುಡಿದಳೆಂದು ವಿಚಾರಿಸದೆ ತಳ್ಳುವುದೂ ಬೇಡ. ಖೋಸಾ ಜನ ಮೊದಲನೆಯ ತಪ್ಪಿಗೆ ಬೆಲೆ ತೆತ್ತರು. ನಾವು ಎರಡನೆಯ ತಪ್ಪಿಗೆ ದಿನವೂ ಬೆಲೆ ತೆರುತ್ತಿದ್ದೇವೆ. ಯಾರ ಬಾಯಿಂದ ಬಂದರೂ ಮಾತಿನ ಹಿಂದಿರುವ ನೋಟವನ್ನು ಪರೀಕ್ಷಿಸಿ ನಡೆಯುವುದೇ ವಿವೇಕ.

ಈ ವೇದಿಕೆಯಲ್ಲಿ ಹೇಳಬೇಕಾದ ಇನ್ನೊಂದು ಮಾತಿದೆ. ನಮ್ಮ ಗಡಿಸೀಮೆಯ ಅಜ್ಜಿಯಂದಿರು ತಾವು ಕಂಡುದನ್ನೆಲ್ಲ ಕೂಡಿಟ್ಟಿರುವುದು ಕನ್ನಡದಲ್ಲಿ. ಕೆರೆಯ ಹೆಸರು, ಹೊಲದ ಹೆಸರು, ಮಳೆಯ ಹೆಸರು, ಮದ್ದಿನ ಬೇರಿನ ಹೆಸರು ಎಲ್ಲವೂ ಆ ನುಡಿಯಲ್ಲಿವೆ. ಮೊಮ್ಮಕ್ಕಳು ಬೇರೆ ನುಡಿಗಳನ್ನೂ ಕಲಿಯಲಿ, ಅನ್ನಕ್ಕೆ ಅವು ಬೇಕು; ಆದರೆ ಅಜ್ಜಿಯ ಮಾತು ಅವರಿಗೆ ಅರ್ಥವಾಗದೆ ಹೋದರೆ, ಸಿಬಿಲಳ ಗ್ರಂಥಗಳಂತೆ ಮೂರು ಮೂರಾಗಿ ಅವು ಸುಟ್ಟುಹೋಗುವುವು. ಒಂಬತ್ತೂ ಇರುವಾಗಲೇ ಕೊಂಡುಕೊಳ್ಳುವುದು ಲಾಭಕರ.

ತಾವೆಲ್ಲರೂ ಇಂದು ಮನೆಗೆ ಮರಳಿದಾಗ, ಮನೆಯ ಹಿರಿಯ ಹೆಣ್ಣುಮಗಳ ಬಳಿ ಅರ್ಧ ಗಳಿಗೆ ಕುಳಿತು ಒಂದು ಪ್ರಶ್ನೆಯನ್ನಾದರೂ ಕೇಳಬೇಕೆಂದು ಬೇಡುತ್ತೇವೆ. ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಕೇಳಬಾರದು. ಕ್ರೀಸಸನ ಗತಿ ತಮಗೆ ನೆನಪಿರಲಿ.